ಮಳೆಯ ಲೆಕ್ಕ, ಲೈನಿನ ಲೆಕ್ಕ

ಕೇರಳದ ಬಾಯಾರು ಕಡೆಯ ಒಂದು ತೋಟದ ಮನೆ. ಆಟಿ ತಿಂಗಳ ಬೆಳಗ್ಗೆ ಎಂಟೂವರೆ. ಮಾವ ಅಂಗಳದ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಚಾವಡಿಯ ಮೇಜಿನ ಮೇಲಿನ ಉದ್ದ ಪುಸ್ತಕದಲ್ಲಿ 62 ಮಿ.ಮೀ. ಎಂದು ಬರೆಯುತ್ತಾರೆ. ತಂಗಿಯ ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ದುಡಿಯುವವಳು, ಹದಿನೈದು ದಿನಕ್ಕೆಂದು ಬಂದಿದ್ದಾಳೆ. ಪುಸ್ತಕ ಮುಚ್ಚುತ್ತಲೇ ಮಾತು ಶುರುವಾಗುತ್ತದೆ.

ಮಾವ: ನಿನಗೆ ಪುರುಸೊತ್ತಿದ್ದರೆ ಈ ಇಂಟರ್ನೆಟ್ಟನ್ನು ಒಮ್ಮೆ ನೋಡು ಮಗಳೇ. 100 ಎಂಬಿಪಿಎಸ್ ಎಂದು ಹೇಳಿ ದುಡ್ಡು ತೆಗೆದುಕೊಳ್ಳುತ್ತಾರೆ. ನಿನ್ನೆ ರಾತ್ರಿ ಉಪ್ಪರಿಗೆಯಲ್ಲಿ ಕೂತು ಮೊಬೈಲಿನಲ್ಲಿ ಅಳೆದರೆ ಬಂದದ್ದು 31. ಇವತ್ತು ಪೇಟೆಗೆ ಹೋಗಿ ಕೇಳಿಯೇ ಬರುತ್ತೇನೆ.

ಸೊಸೆ: ಹೋಗುವ ಮೊದಲು ಒಂದು ಮಾತು ಹೇಳಿ ಮಾವ. ನಿಮ್ಮ ಮಳೆಮಾಪಕವನ್ನು ಆ ಮಾವಿನ ಮರದ ಬುಡದಲ್ಲಿ ಯಾಕೆ ಇಟ್ಟಿಲ್ಲ?

ಮಾವ: ಎಂತ ಕೇಳುತ್ತೀ! ಮರದ ಬುಡದಲ್ಲಿ ಸಿಗುವುದು ಎಲೆ ಬಿಟ್ಟುಕೊಟ್ಟ ಮಳೆ, ಆಕಾಶ ಸುರಿದ ಮಳೆಯಲ್ಲ. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಾದರೂ ಮಾಪಕ ಇರಬೇಕು. ಇಲ್ಲದಿದ್ದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ.

ಸೊಸೆ: ನಿನ್ನೆ ಉಪ್ಪರಿಗೆಯಲ್ಲಿ ನೀವು ಅಳೆದದ್ದು ಮರದ ಬುಡದ ಮಳೆ. ಲೈನು ಬರುವುದು ಕಂಬದಿಂದ ಈ ಚಾವಡಿಗೆ. ಮೋಡೆಮ್ ಇರುವುದು ಬಾಗಿಲಿನ ಮೇಲೆ. ಅಲ್ಲಿಂದ ಉಪ್ಪರಿಗೆಗೆ ತಲಪಬೇಕಾದರೆ ವೈಫೈ ಅಲೆಗಳು ಎರಡು ಮುರಕಲ್ಲಿನ ಗೋಡೆ, ಒಂದು ಕಾಂಕ್ರೀಟಿನ ತಾರಸಿ ದಾಟಬೇಕು. ಮೇಲೆ ನೀವು ಕಂಡದ್ದು ಗೋಡೆಗಳು ಬಿಟ್ಟುಕೊಟ್ಟಷ್ಟನ್ನು.

ಮಾವ: ಹಾಗಾದರೆ ಎಲ್ಲಿ ಅಳೆಯಬೇಕು?

ಸೊಸೆ: ಮೋಡೆಮಿನ ಬುಡದಲ್ಲಿ, ಅದೂ ತಂತಿ ಹಾಕಿ. ನನ್ನ ಬ್ಯಾಗಿನಲ್ಲಿ ಲ್ಯಾನ್ ಕೇಬಲ್ ಇದೆ. ಮನೆಯ ಎಲ್ಲ ಫೋನುಗಳ ವೈಫೈ ಆರಿಸಿ, ಟಿವಿಯದ್ದೂ. ಯಾರಾದರೂ ಏನಾದರೂ ಇಳಿಸಿಕೊಳ್ಳುತ್ತಿದ್ದರೆ ಅದು ನಮ್ಮ ಅಳತೆಯಿಂದಲೇ ಕಳೆದುಹೋಗುತ್ತದೆ. ತಿಂಗಳ ಡೇಟಾ ಮಿತಿ ಮುಗಿದಿದೆಯೋ ಎಂದೂ ನೋಡಬೇಕು. ಮಿತಿ ಮುಗಿದ ಮೇಲೆ ವೇಗವನ್ನು ಅವರೇ ಇಳಿಸುತ್ತಾರೆ, ಅದು ಕರಾರಿನಲ್ಲೇ ಇರುತ್ತದೆ.

(ಕೇಬಲ್ಲಿನ ಒಂದು ತುದಿ ಮೋಡೆಮಿಗೆ, ಇನ್ನೊಂದು ಲ್ಯಾಪ್‌ಟಾಪಿಗೆ. ಟಕ್ ಎಂದು ಕೂತ ಮೇಲೆ ಹಸಿರು ದೀಪ ಮಿನುಗುತ್ತದೆ. ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಅಂಕಿ ನಿಲ್ಲುತ್ತದೆ: 94.)

ಮಾವ: 94! ಹಾಗಾದರೆ ಅವರು ಮೋಸ ಮಾಡಿಲ್ಲ?

ಸೊಸೆ: ಈ ಹೊತ್ತಿಗೆ, ಈ ಜಾಗದಲ್ಲಿ, ಮಾಡಿಲ್ಲ. ಇನ್ನು ಆರು ಎಲ್ಲಿ ಹೋಯಿತು ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಮಾಹಿತಿ ಒಂದೇ ರಾಶಿಯಾಗಿ ಬರುವುದಿಲ್ಲ, ಸಾವಿರದೈನೂರು ಬೈಟಿನ ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತದೆ. ಪ್ರತಿ ಕಟ್ಟಿನ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸ ಇರಬೇಕು, ಎರಡು ಕಟ್ಟುಗಳ ನಡುವೆ ಚೂರು ಬಿಡುವು ಇರಬೇಕು. ಈ ಮೋಡೆಮಿನ ತೂತು 100ರದ್ದು. ವಿಳಾಸಕ್ಕೂ ಬಿಡುವಿಗೂ ಹೋಗಿ ಉಳಿಯುವುದು ಸುಮಾರು 95. ಅಡಿಕೆ ತೂಗುವಾಗ ಗೋಣಿಯ ತೂಕ ಕಳೆಯುವ ಹಾಗೆ.

ಮಾವ: ಅದು ಸರಿ. ಆದರೆ ಮೊನ್ನೆ ಮೊಮ್ಮಗ ಏನೋ ಇಳಿಸಿಕೊಳ್ಳುವಾಗ ಪರದೆಯಲ್ಲಿ 11 ಎಂದೇ ತೋರಿಸುತ್ತಿತ್ತು. 94 ಬರುವ ಮನೆಯಲ್ಲಿ 11 ಯಾಕೆ?

ಸೊಸೆ: ಅದು ಬೇರೆ ಅಳತೆ. ಲೈನಿನ ವೇಗ ಹೇಳುವುದು ಬಿಟ್ ಲೆಕ್ಕದಲ್ಲಿ, ಕಡತದ ಗಾತ್ರ ಹೇಳುವುದು ಬೈಟ್ ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 94ನ್ನು ಎಂಟರಿಂದ ಭಾಗಿಸಿ ನೋಡಿ.

ಮಾವ: ಹನ್ನೊಂದು ಮುಕ್ಕಾಲು. ಓ, ಇದು ಮುಡಿಗೂ ಸೇರಿಗೂ ಇರುವ ವ್ಯತ್ಯಾಸ! ಒಂದು ಮುಡಿ ಅಕ್ಕಿ ಎಂದರೆ 42 ಸೇರು. ಮುಡಿಯಲ್ಲಿ ಹೇಳಿದ್ದನ್ನು ಸೇರಿನಲ್ಲಿ ಎಣಿಸಿದರೆ ಜಗಳವೇ. ಹಾಗಾದರೆ ಇಷ್ಟು ದಿನ ನಾನು ಅಳತೆ ತಿಳಿಯದೆ ಬೈದದ್ದೂ ಉಂಟು.

ಸೊಸೆ: ಅಳತೆ ತಿಳಿದೂ ಬೈಯಬೇಕಾದ ಸಂದರ್ಭ ಬರಬಹುದು, ಸ್ವಲ್ಪ ತಾಳಿ. ಮೊದಲು ಈ ಅಂಕಿ ಹೇಗೆ ಬಂತು ಎಂದು ನೋಡೋಣ. ನಮ್ಮ ಸುರಂಗದ ನೀರಿನ ಹರಿವು ಎಷ್ಟು ಎಂದು ಅಜ್ಜ ಹೇಗೆ ಅಳೆಯುತ್ತಿದ್ದರು?

ಮಾವ: ಗುಡ್ಡೆಯ ಹೊಟ್ಟೆಯಿಂದ ಅಡಿಕೆ ಮರದ ದಂಬೆಯಲ್ಲಿ ಬರುವ ನೀರಿಗೆ ಕೊಡಪಾನ ಹಿಡಿಯುವುದು, ತುಂಬುವವರೆಗೆ ಎಣಿಸುವುದು. ಮಳೆಗಾಲ ಮುಗಿದ ಹೊಸತರಲ್ಲಿ ಅರ್ಧ ನಿಮಿಷ ಸಾಕು. ಮೇ ತಿಂಗಳಿಗೆ ಐದು ನಿಮಿಷ ಬೇಕು. ಈ ಬಾಯಾರು, ಪೈವಳಿಕೆ, ಎಣ್ಮಕಜೆಯ ಕಡೆ ಸುರಂಗ ಇರುವ ಎಲ್ಲ ಮನೆಯವರಿಗೂ ಆ ಎಣಿಕೆ ಬಾಯಿಪಾಠ. ಯಾವ ತೋಟಕ್ಕೆ ಎಷ್ಟು ನೀರು ಬಿಡಬೇಕು ಎಂಬುದು ಅದರ ಮೇಲೆಯೇ ನಿಲ್ಲುವುದು.

ಸೊಸೆ: ಸ್ಪೀಡ್ ಟೆಸ್ಟ್ ಮಾಡುವುದೂ ಅದನ್ನೇ. ದೂರದ ಒಂದು ಸರ್ವರಿನಿಂದ ಅರ್ಥವಿಲ್ಲದ ಮಾಹಿತಿಯನ್ನು ಕೆಲವು ಸೆಕೆಂಡು ಸುರಿಸಿಕೊಂಡು, ಎಷ್ಟು ತುಂಬಿತು ಎಂದು ನೋಡಿ, ಹೊತ್ತಿನಿಂದ ಭಾಗಿಸುತ್ತದೆ. ಮತ್ತೆ ಇಲ್ಲಿಂದ ಅಲ್ಲಿಗೆ ಸುರಿದು ಕಳುಹಿಸುವ ವೇಗವನ್ನೂ ಅಳೆಯುತ್ತದೆ. ದಂಬೆ ಕಟ್ಟಿದ ಕೂಡಲೇ ಬರುವ ಕೆಸರುನೀರನ್ನು ಅಜ್ಜ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ ಅಲ್ಲವೇ? ಹಾಗೆ ಹಲವು ಟೆಸ್ಟುಗಳು ಆರಂಭದ ಕ್ಷಣಗಳನ್ನು ಬಿಟ್ಟುಬಿಡುತ್ತವೆ. ಯಾಕೆಂದರೆ ಕಂಪ್ಯೂಟರುಗಳು ದಾರಿ ಎಷ್ಟು ಅಗಲ ಎಂದು ತಿಳಿಯದೆ ಮೊದಲು ನಿಧಾನವಾಗಿ ಕಳುಹಿಸಿ, ತಡೆ ಸಿಗುವವರೆಗೆ ಏರಿಸುತ್ತಾ ಹೋಗುತ್ತವೆ.

ಮಾವ: ಒಂದೇ ಕೊಡಪಾನವೋ, ಹಲವೋ?

ಸೊಸೆ: ಒಳ್ಳೆಯ ಪ್ರಶ್ನೆ ಕೇಳಿದಿರಿ. 2006ರಿಂದ ಇರುವ ಊಕ್ಲಾದ ಸ್ಪೀಡ್‌ಟೆಸ್ಟ್ ಏಕಕಾಲಕ್ಕೆ ಹಲವು ಕೊಡಪಾನ ಹಿಡಿಯುತ್ತದೆ. ಅದು ಹೇಳುವುದು ದಾರಿಯ ಪೂರ್ತಿ ಅಗಲವನ್ನು. ಸಂಶೋಧಕರು 2009ರಲ್ಲಿ ತೆರೆದ ಎಂ-ಲ್ಯಾಬ್‌ನ ಟೆಸ್ಟ್ ಒಂದೇ ಕೊಡಪಾನ ಹಿಡಿಯುತ್ತದೆ. ಒಂದು ಕಡತ ಇಳಿಸುವಾಗ ಏನಾಗುತ್ತದೆ ಎಂಬುದಕ್ಕೆ ಅದು ಹತ್ತಿರ. ಅದಕ್ಕೇ ಒಂದೇ ಲೈನಿನಲ್ಲಿ ಎರಡು ಟೆಸ್ಟ್ ಎರಡು ಅಂಕಿ ಕೊಟ್ಟರೆ ಒಂದು ಸುಳ್ಳು ಎಂದಲ್ಲ. ಅವು ಎರಡು ಬೇರೆ ಪ್ರಶ್ನೆಗೆ ಉತ್ತರ. ಅಂಕಿ ಬರೆಯುವಾಗ ಯಾವ ಟೆಸ್ಟ್ ಎಂದು ಪಕ್ಕದಲ್ಲಿ ಬರೆಯಬೇಕು, ಅಷ್ಟೆ.

ಮಾವ: ಸುರಂಗದಲ್ಲಿ ಇನ್ನೊಂದು ಸಂಗತಿ ಉಂಟು. ಸುರಂಗದ ಬಾಯಿಯಲ್ಲಿ ಕೊಡಪಾನ ಹಿಡಿದರೆ ಒಂದು ಲೆಕ್ಕ, ಕೆಳಗಿನ ತೋಟದಲ್ಲಿ ಹಿಡಿದರೆ ಇನ್ನೊಂದು. ನಡುವೆ ಎಷ್ಟು ಸೋರಿತೋ ಯಾರು ಬಲ್ಲರು.

ಸೊಸೆ: ನಾನು ಹೇಳಬೇಕೆಂದದ್ದೂ ಅದೇ. ಈಗ ಬಂದ 94 ಯಾವ ಸರ್ವರಿನಿಂದ ಗೊತ್ತೇ? ಟೆಸ್ಟ್ ತಾನಾಗಿಯೇ ಹತ್ತಿರದ್ದನ್ನು ಆರಿಸುತ್ತದೆ. ಎಷ್ಟೋ ಸಲ ಅದು ಇಂಟರ್ನೆಟ್ ಕೊಡುವ ಕಂಪನಿಯ ಜಾಲದ ಒಳಗೇ ಇರುತ್ತದೆ. ಅಂದರೆ ನಾವು ಅಳೆದದ್ದು ಮನೆಯಿಂದ ಕಂಪನಿಯ ಬಾಗಿಲಿನವರೆಗಿನ ದಾರಿ. ನಾನು ಕೆಲಸಕ್ಕೆ ಬಳಸುವ ಸರ್ವರು ಆ ಬಾಗಿಲಿನಿಂದ ಆಚೆ, ಮುಂಬೈಯಲ್ಲಿದೆ. ನೆಟ್‌ಫ್ಲಿಕ್ಸ್ 2016ರಲ್ಲಿ ಫಾಸ್ಟ್ ಡಾಟ್ ಕಾಂ ಎಂಬ ಟೆಸ್ಟ್ ತಂದಾಗ ತಾನು ಚಿತ್ರ ಕಳುಹಿಸುವ ಸರ್ವರುಗಳಿಂದಲೇ ಅಳೆಯುವಂತೆ ಮಾಡಿತು. ನೋಡುಗನಿಗೆ ಬೇಕಾದದ್ದು ಆ ದಾರಿಯ ಲೆಕ್ಕ ತಾನೇ?

ಮಾವ: ಮುಂಬೈ ಎಷ್ಟು ದೂರ ಆಗುತ್ತದೆ, ಇಲ್ಲಿಂದ?

ಸೊಸೆ: ನೇರ ಗೆರೆ ಎಳೆದರೆ ಸುಮಾರು 750 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಹೋಗಿ ಬರಲು ಏಳೂವರೆ ಮಿಲಿಸೆಕೆಂಡು ಬೇಕೇ ಬೇಕು. ನಿಜವಾಗಿ ತಗಲುವುದು ಅದರ ಮೂರು ಪಟ್ಟು ಇರಬಹುದು. ಯಾಕೆಂದರೆ ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ. ಒಂದು ಜಾಲ ಇನ್ನೊಂದು ಜಾಲಕ್ಕೆ ಎಲ್ಲಿ ಕೈ ಕೊಡುತ್ತದೋ ಆ ಊರಿಗೆ ಹೋಗಿಯೇ ಮುಂದೆ ಹೋಗಬೇಕು. ನಮಗೆ ಮಂಗಳೂರು ತಲಪಾಡಿ ದಾಟಿದರೆ ಸಿಗುವ ಊರು. ಆದರೆ ಟೆಲಿಕಾಂ ಲೆಕ್ಕದಲ್ಲಿ ನಾವು ಕೇರಳ ವೃತ್ತ, ಅದು ಕರ್ನಾಟಕ ವೃತ್ತ. ಇಲ್ಲಿಂದ ಕಳುಹಿಸಿದ ಒಂದು ಚಿತ್ರ ಚೆನ್ನೈಗೆ ಹೋಗಿ ಮಂಗಳೂರಿಗೆ ಬಂದರೂ ಬರಬಹುದು.

ಮಾವ: 1956ರ ನವೆಂಬರ್ 1ರಂದು ರಾಜ್ಯಗಳ ನಡುವೆ ಎಳೆದ ಗೆರೆ ಇಂಟರ್ನೆಟ್ಟಿನಲ್ಲೂ ಉಂಟು ಎಂದಾಯಿತು! ಅದಿರಲಿ, ಹೋಗಿ ಬರುವ ಹೊತ್ತು ಅಷ್ಟು ಮುಖ್ಯವೇ? ಬಹರೈನಿನಲ್ಲಿರುವ ಮಗ ದಿನವೂ ರಾತ್ರಿ ವೀಡಿಯೋ ಕರೆ ಮಾಡುತ್ತಾನೆ. ನಾನು ಮಾತು ಮುಗಿಸಿ ಸುಮ್ಮನಾದ ಮೇಲೆ ಅವನಿಗೆ ಕೇಳುವುದು. ಅವನು ನಗುವಾಗ ನನ್ನ ಮುಂದಿನ ಮಾತು ಶುರುವಾಗಿರುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, ಕೊನೆಗೆ ‘ನಾಳೆ ಮಾತಾಡುವ’ ಎಂದು ಇಡುತ್ತೇವೆ.

ಸೊಸೆ: ಅದಕ್ಕೆ ಕಾರಣ ಆ ಹೊತ್ತೇ, ಮಾವ. ಪೈಪಿನ ಕವಾಟ ತಿರುಗಿಸಿದ ಮೇಲೆ ತೋಟದ ತುದಿಯಲ್ಲಿ ಮೊದಲ ಹನಿ ಬೀಳುವವರೆಗಿನ ಕಾಯುವಿಕೆ ಬೇರೆ, ಬಿದ್ದ ಮೇಲೆ ಎಷ್ಟು ಲೀಟರ್ ಬರುತ್ತದೆ ಎಂಬುದು ಬೇರೆ. ಟೆಸ್ಟಿನಲ್ಲಿ ‘ಪಿಂಗ್’ ಎಂದು ತೋರಿಸುವುದು ಆ ಕಾಯುವಿಕೆಯನ್ನು. ಬಹರೈನ್ ಇಲ್ಲಿಂದ ಸುಮಾರು ಮೂರು ಸಾವಿರ ಕಿಲೋಮೀಟರು. ಬೆಳಕು ಹೋಗಿ ಬರಲು ಕನಿಷ್ಠ 30 ಮಿಲಿಸೆಕೆಂಡು. ನೂರೈವತ್ತರವರೆಗೆ ಆದರೂ ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ನಿಮ್ಮ ಕರೆಯಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಆಗುತ್ತಿರುವ ಹಾಗಿದೆ. ಯಾಕೆಂದು ಈಗಲೇ ನೋಡೋಣ. ನಾನು ಪಿಂಗ್ ಓಡಿಸುತ್ತೇನೆ, ನೀವು ಫೋನಿನ ವೈಫೈ ಹಾಕಿ ತೋಟದ ವೀಡಿಯೋಗಳನ್ನೆಲ್ಲ ಮಗನಿಗೆ ಕಳುಹಿಸಿ.

(ಪರದೆಯ ಮೇಲೆ ಸೆಕೆಂಡಿಗೊಂದು ಸಾಲು ಬೀಳುತ್ತಿದೆ: 27, 26, 28, 27. ಮಾವ ಫೋನಿನ ಗುಂಡಿ ಒತ್ತುತ್ತಾರೆ. ಮುಂದಿನ ಸಾಲು 140. ಆಮೇಲೆ 390, 455, 470. ವೀಡಿಯೋ ಹೋಗಿ ಮುಗಿದ ಕೂಡಲೇ ಮತ್ತೆ 27.)

ಮಾವ: ಓಹೋ! ನಾನು ಕಣ್ಣಾರೆ ನೋಡಿದೆ. ನಾನು ಕಳುಹಿಸುವಾಗಲೇ ಏರಿತು.

ಸೊಸೆ: ಕಳುಹಿಸುವ ದಾರಿ ತುಂಬಿದಾಗ ಮೋಡೆಮ್ ಕಟ್ಟುಗಳನ್ನು ಬಿಸಾಡದೆ ಸಾಲಿನಲ್ಲಿ ನಿಲ್ಲಿಸುತ್ತದೆ. ವೀಡಿಯೋದ ಸಾವಿರ ಕಟ್ಟುಗಳ ಹಿಂದೆ ನಿಮ್ಮ ಮಾತಿನ ಒಂದು ಕಟ್ಟು ನಿಂತಿರುತ್ತದೆ. ಅಮೆರಿಕದ ಜಿಮ್ ಗೆಟ್ಟಿಸ್ ಎಂಬ ತಂತ್ರಜ್ಞ 2010ರ ಸುಮಾರಿಗೆ ತನ್ನ ಮನೆಯ ಲೈನಿನಲ್ಲೇ ಇದನ್ನು ಗಮನಿಸಿ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. 100 ಇದ್ದ ಲೈನನ್ನು 200 ಮಾಡಿದರೂ ಈ ತೊಂದರೆ ಉಳಿಯಬಹುದು. ನೀವು ಫೋನಿನ ಚಿತ್ರಗಳೆಲ್ಲ ರಾತ್ರಿ ಹೊತ್ತು ತಾನಾಗಿ ಕ್ಲೌಡಿಗೆ ಹೋಗುವ ಹಾಗೆ ಇಟ್ಟಿದ್ದೀರಿ. ಮಗ ಕರೆ ಮಾಡುವುದೂ ಆ ಹೊತ್ತಿಗೆ. ಅದನ್ನು ಬೆಳಗ್ಗಿನ ಜಾವಕ್ಕೆ ಬದಲಿಸಿ. ಹೊಸ ರೂಟರುಗಳಲ್ಲಿ ಮಾತಿನ ಕಟ್ಟುಗಳನ್ನು ಮುಂದೆ ಬಿಡುವ ವ್ಯವಸ್ಥೆಯೂ ಇದೆ.

ಮಾವ: ಹೆಚ್ಚು ದುಡ್ಡಿನ ಪ್ಲಾನ್ ತೆಗೆದುಕೊಳ್ಳಬೇಕು ಎಂದು ಯೋಚಿಸುತ್ತಿದ್ದೆ. ಅಳೆಯದಿದ್ದರೆ ದುಡ್ಡೂ ಹೋಗುತ್ತಿತ್ತು, ಮಗನ ಮಾತೂ ಕೇಳುತ್ತಿರಲಿಲ್ಲ. ಸರಿ, ಉಪ್ಪರಿಗೆಗೆ ಎಂತ ಮಾಡುವುದು?

ಸೊಸೆ: ಮೋಡೆಮಿನಲ್ಲಿ ಎರಡು ಅಲೆ ಇವೆ. 2.4 ಗಿಗಾಹರ್ಟ್ಸ್‌ನದ್ದು ಗೋಡೆ ದಾಟುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್‌ನದ್ದು ಚುರುಕು, ಆದರೆ ಮುರಕಲ್ಲಿನ ಗೋಡೆಗೆ ಬಡಿದು ಸೋಲುತ್ತದೆ. ಚಾವಡಿಯಲ್ಲಿ ಫೋನಿಗೆ 90 ಬರುತ್ತದೆ, ಈಗಷ್ಟೇ ನೋಡಿದೆ. ಮೇಲೆ ಹೋದರೆ 34. ತಂತಿಯೊಂದನ್ನು ಉಪ್ಪರಿಗೆಗೆ ಎಳೆದು ಅಲ್ಲೊಂದು ಸಣ್ಣ ರೂಟರ್ ಇಟ್ಟರೆ ಸಾಕು. ಇದು ನಮ್ಮ ಮನೆಯೊಳಗಿನ ಕೆಲಸ, ಲೈನು ಕೊಡುವವರ ತಪ್ಪಲ್ಲ.

ಮಾವ: ಹಾಗಾದರೆ ಪೇಟೆಗೆ ಹೋಗುವ ಅಗತ್ಯ ಇಲ್ಲ ಎನ್ನು.

ಸೊಸೆ: ಹಾಗೂ ಹೇಳಲಾರೆ. ಒಂದು ದಿನದ ಮಳೆ ನೋಡಿ ಈ ವರ್ಷ ಮಳೆ ಹೇಗೆ ಎಂದು ನೀವು ಹೇಳುತ್ತೀರಾ? ನಾವು ಅಳೆದದ್ದು ಬೆಳಗ್ಗೆ ಒಮ್ಮೆ. ಕಂಬದ ಮೇಲಿಂದ ಬರುವ ಗಾಜಿನ ಎಳೆ ನಮಗೊಬ್ಬರಿಗೇ ಮೀಸಲಲ್ಲ. ಸಾಮಾನ್ಯವಾಗಿ ಒಂದು ಎಳೆಯ ಎರಡೂವರೆ ಗಿಗಾಬಿಟ್‌ನಷ್ಟು ಹರಿವನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಅದರಿಂದಾಚೆ ಊರಿನ ಇಡೀ ಜಾಲ ಹೊರಗೆ ಹೋಗುವ ದಾರಿ ಇನ್ನೊಂದು. ರಾತ್ರಿ ಎಂಟೂವರೆಗೆ ಎಲ್ಲ ಮನೆಯಲ್ಲೂ ಟಿವಿ, ಮೊಬೈಲ್. ಆಗ ಏನಾಗುತ್ತದೆ ಎಂದು ಏಳು ದಿನ ಬರೆದಿಡಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಅದೇ ಜಾಗ, ಅದೇ ತಂತಿ, ಅದೇ ಟೆಸ್ಟ್. ಒಮ್ಮೆ ಹತ್ತಿರದ ಸರ್ವರಿಗೆ, ಒಮ್ಮೆ ಮುಂಬೈಗೆ.

ಮಾವ: ಬರೆಯುವುದು ನನಗೆ ಕಷ್ಟವಲ್ಲ. ಎಂಟೂವರೆ ಎಂದರೆ ಎಂಟೂವರೆ.

(ಏಳು ದಿನ ಕಳೆದಿದೆ. ಮಳೆ ಪುಸ್ತಕದ ಬಲಬದಿಯಲ್ಲಿ ಸ್ಕೇಲಿಟ್ಟು ಎಳೆದ ಹೊಸ ಗೆರೆಗಳು. ಪ್ರತಿ ಸಾಲಿನಲ್ಲೂ ದಿನ, ಹೊತ್ತು, ಎರಡು ಸರ್ವರಿನ ಅಂಕಿ, ಪಿಂಗ್. ಕರೆಂಟು ಹೋದ ಮಂಗಳವಾರ ರಾತ್ರಿಯ ಜಾಗದಲ್ಲಿ ಅಂಕಿ ಇಲ್ಲ, ‘ಕರೆಂಟು ಇಲ್ಲ, ಅಳೆದಿಲ್ಲ’ ಎಂದಿದೆ.)

ಸೊಸೆ: ಮಂಗಳವಾರದ್ದನ್ನು ಅಂದಾಜಿನಲ್ಲಿ ತುಂಬಿಸಿಲ್ಲ ನೀವು. ಇಡೀ ಪುಸ್ತಕಕ್ಕೆ ನಂಬಿಕೆ ಬರುವುದು ಆ ಸಾಲಿನಿಂದಲೇ.

ಮಾವ: ಮಳೆಗೂ ಹಾಗೆಯೇ ಬರೆಯುವುದು. ಅಳೆಯದ ದಿನಕ್ಕೆ ಸೊನ್ನೆ ಹಾಕಿದರೆ ಮಳೆ ಬರಲಿಲ್ಲ ಎಂದಾಗುತ್ತದೆ. ಈಗ ಇದನ್ನು ಓದು. ಬೆಳಗ್ಗೆ ಎರಡೂ ಕಡೆಗೆ 93, 94. ಮಧ್ಯಾಹ್ನ 90ಕ್ಕೆ ಕಡಿಮೆಯಿಲ್ಲ. ರಾತ್ರಿ ಹತ್ತಿರದ ಸರ್ವರಿಗೆ ಆಗಲೂ 92. ಮುಂಬೈಗೆ ಮಾತ್ರ 38, 41, 29. ಶನಿವಾರ, ಆದಿತ್ಯವಾರ ಇನ್ನೂ ಕಡಿಮೆ.

ಸೊಸೆ: ನಿಮ್ಮ ಪುಸ್ತಕ ರೋಗವನ್ನು ಬೆರಳಿಟ್ಟು ತೋರಿಸಿದೆ ಮಾವ. ಮನೆಯ ತಂತಿ ಸರಿ ಇದೆ, ಕಂಬದ ಎಳೆ ಸರಿ ಇದೆ. ರಾತ್ರಿ ಹೊತ್ತು ಅವರ ಜಾಲದಿಂದ ಹೊರಗೆ ಹೋಗುವ ದಾರಿ ಸಾಲುತ್ತಿಲ್ಲ. ಕೆಲಸದವರು ಬಂದು ಮೋಡೆಮ್ ಆರಿಸಿ ಹಾಕಿ ‘94 ಉಂಟಲ್ಲ’ ಎಂದು ತೋರಿಸಿ ಹೋದರೆ ಇದು ಸರಿಯಾಗುವುದಿಲ್ಲ. ದಾರಿ ಅಗಲ ಮಾಡುವುದು ಕಂಪನಿಯ ಕೆಲಸ.

ಮಾವ: ಕರಾರಿನಲ್ಲಿ ‘100ರವರೆಗೆ’ ಎಂದಿದೆ. ಆ ‘ವರೆಗೆ’ ತೋರಿಸಿದರೆ ನಾನೇನು ಹೇಳಲಿ?

ಸೊಸೆ: ಆ ಪದಕ್ಕೆ ನಿಮ್ಮ ಏಳು ದಿನದ ಅಂಕಿ ಉತ್ತರ. ಒಮ್ಮೊಮ್ಮೆ ಇಳಿದರೆ ‘ವರೆಗೆ’ ಎನ್ನಬಹುದು. ದಿನವೂ ಒಂದೇ ಹೊತ್ತಿಗೆ ಅರ್ಧಕ್ಕೂ ಕೆಳಗೆ ಇಳಿದರೆ ಅದು ರೂಢಿ, ಆಕಸ್ಮಿಕವಲ್ಲ. ಸರಕಾರ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು 2004ರಲ್ಲಿ 256 ಕೆಬಿಪಿಎಸ್ ಎಂದಿತು. ಆಮೇಲೆ 512, 2023ರಲ್ಲಿ 2 ಎಂಬಿಪಿಎಸ್. ಆ ಕನಿಷ್ಠಕ್ಕೂ ನಾವು ದುಡ್ಡು ಕೊಡುವ 100ಕ್ಕೂ ನಡುವೆ ದೊಡ್ಡ ಬಯಲಿದೆ. ಆ ಬಯಲಿನಲ್ಲಿ ನಮಗೆ ಆಧಾರ ನಮ್ಮದೇ ಬರಹ.

ಮಾವ: 2020ರ ಜೂನಿನಲ್ಲಿ ಫಸ್ಟ್ ಬೆಲ್ ಎಂಬ ಆನ್‌ಲೈನ್ ಪಾಠ ಶುರುವಾದಾಗ ಪಕ್ಕದ ಮನೆಯ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡೆ ಹತ್ತುತ್ತಿದ್ದದ್ದು ನನಗೆ ಮರೆಯುವುದಿಲ್ಲ. ಕೊಡೆ ಹಿಡಿದು, ಬಂಡೆಯ ಮೇಲೆ ಕೂತು ಪಾಠ ಕೇಳಿದವು. ಆಗ ಯಾರಾದರೂ ಎಲ್ಲಿ, ಯಾವ ಹೊತ್ತಿಗೆ, ಎಷ್ಟು ಎಂದು ಬರೆದಿಟ್ಟಿದ್ದರೆ ಪಂಚಾಯತಿನಲ್ಲಿ ಕೇಳಲಿಕ್ಕೆ ಒಂದು ಕಾಗದವಾದರೂ ಇರುತ್ತಿತ್ತು. ‘ಇಲ್ಲಿ ನೆಟ್ ಇಲ್ಲ’ ಎಂದು ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು.

ಸೊಸೆ: ಅದಕ್ಕಿಂತ ಒಂಬತ್ತು ತಿಂಗಳು ಮೊದಲೇ, 2019ರ ಸೆಪ್ಟೆಂಬರಿನಲ್ಲಿ, ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿಯ ಪ್ರಕರಣದಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದಿತ್ತು. 2023ರ ಜೂನ್ 5ರಂದು ಕೆ-ಫೋನ್ ಉದ್ಘಾಟನೆಯಾಯಿತು. ವಿದ್ಯುತ್ ಕಂಬಗಳ ಮೇಲೆ ಸರಕಾರವೇ ಕೇಬಲ್ ಎಳೆದು, ಮೂವತ್ತು ಸಾವಿರ ಕಚೇರಿಗಳಿಗೂ ಇಪ್ಪತ್ತು ಲಕ್ಷ ಬಡ ಕುಟುಂಬಗಳಿಗೂ ಇಂಟರ್ನೆಟ್ ಮುಟ್ಟಿಸುವ ಯೋಜನೆ.

ಮಾವ: ರೇಷನ್ ಅಂಗಡಿಯಲ್ಲಿ ಅಕ್ಕಿ ಹಕ್ಕು ಎಂದು ಬಿಟ್ಟರೆ ಮುಗಿಯಲಿಲ್ಲ ಮಗಳೇ. ತಕ್ಕಡಿ ನೋಡುವವರು ಬೇಕು. ತಕ್ಕಡಿ ನೋಡದ ಊರಿನಲ್ಲಿ ಹಕ್ಕು ಚೀಲದೊಳಗೆ ಸೋರಿಹೋಗುತ್ತದೆ. ಹಣ ಕೊಟ್ಟು ತೆಗೆದುಕೊಳ್ಳುವ ಲೈನಿಗೂ ಅದೇ, ಸರಕಾರ ಕೊಡುವ ಲೈನಿಗೂ ಅದೇ.

ಸೊಸೆ: ಅದಕ್ಕೇ ಇದು ನಮ್ಮೊಂದು ಮನೆಯ ಪುಸ್ತಕವಾಗಿ ಉಳಿಯಬಾರದು ಅನಿಸುತ್ತದೆ. ಒಂದು ಮಾಪಕದ ಮಳೆ ಇಡೀ ಊರಿನ ಮಳೆಯಲ್ಲ. ಇದೇ ಕಂಬದ ಸಾಲಿನಲ್ಲಿ ಲೈನು ಇರುವ ನಾಲ್ಕು ಮನೆಯವರು ಇದೇ ಹೊತ್ತಿಗೆ ಬರೆದರೆ ನಮ್ಮ ಮಾತು ಗಟ್ಟಿಯಾಗುತ್ತದೆ.

ಮಾವ: ಮೇಲಿನ ಮನೆಯ ಟೀಚರು ಬರೆಯುತ್ತಾರೆ. ಹೊಳೆಬದಿಯ ಹುಡುಗನಿಗೂ ಹೇಳುತ್ತೇನೆ, ಅವನಿಗೂ ಮನೆಯಿಂದಲೇ ಕೆಲಸ. ಲ್ಯಾನ್ ಕೇಬಲ್ ನಾನೇ ಹಿಡಿದುಕೊಂಡು ಹೋಗುತ್ತೇನೆ, ವೈಫೈಯಲ್ಲಿ ಅಳೆದದ್ದನ್ನು ಸೇರಿಸುವುದಿಲ್ಲ. ಪೇಟೆಗೆ ಮುಂದಿನ ಸೋಮವಾರ ಹೋದರಾಯಿತು. ಈ ಪುಸ್ತಕವನ್ನೇ ಅವರ ಮೇಜಿನ ಮೇಲೆ ಇಡುತ್ತೇನೆ.

ಸೊಸೆ: ಪುಸ್ತಕ ಕೊಟ್ಟುಬರಬೇಡಿ ಮಾವ. ಪುಟಗಳ ಜೆರಾಕ್ಸ್ ಕೊಡಿ, ದೂರಿನ ಸಂಖ್ಯೆ ಬರೆಸಿಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಆ ಸಂಖ್ಯೆ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಸಂಪರ್ಕ ನಿಯಂತ್ರಕ ಟ್ರಾಯ್ 2012ರ ನಿಯಮದಲ್ಲಿ ಆ ಎರಡನೆಯ ಮೆಟ್ಟಿಲನ್ನು ಇಟ್ಟಿದೆ.

ಮಾವ: ಸರಿ. ದೂರಿನ ಸಂಖ್ಯೆಗೆ ಒಂದು ಗೆರೆ ಎಳೆಯುತ್ತೇನೆ, ಸ್ಕೇಲು ಇತ್ತ ಕೊಡು. ಕೊಟ್ಟ ದಿನ, ಸಂಖ್ಯೆ, ಅವರು ಹೇಳಿದ ಮಾತು. ಅದರ ಕೆಳಗೆ ರಾತ್ರಿ ಎಂಟೂವರೆಯ ಅಂಕಿ ಮುಂದುವರಿಯಲಿ. ಅವರು ಸರಿಮಾಡಿದ್ದೇವೆ ಎಂದರೆ ಅದೂ ಇಲ್ಲೇ ಗೊತ್ತಾಗಬೇಕಲ್ಲ.